ಸೆರಗು, ಮುಸುಕು, ಕೇಶಾಂಬರ

ಕೋಲಾರ ತಾಲ್ಲೂಕಿನ ವಕ್ಕಲೇರಿ ಆ ಸೀಮೆಯ ಭಕ್ತರಿಗೆ ಮಾರ್ಕಂಡೇಶ್ವರ ಬೆಟ್ಟದಿಂದ ಪರಿಚಿತವಾದ ಊರು. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಬಲ್ಲುದು ಬೇರೊಂದು ಕಾರಣದಿಂದ. ಬಾದಾಮಿ ಚಾಲುಕ್ಯರ ಕೊನೆಯ ಅರಸನಾದ ಇಮ್ಮಡಿ ಕೀರ್ತಿವರ್ಮನು ಶಕವರ್ಷ 679ರಲ್ಲಿ, ಎಂದರೆ ಕ್ರಿ. ಶ. 757ರಲ್ಲಿ, ಭೀಮರಥೀ ನದಿಯ ಉತ್ತರ ತೀರದ ಬೀಡಿನಿಂದ ಹೊರಡಿಸಿದ ತಾಮ್ರಶಾಸನವು ದೊರೆತದ್ದು ಇಲ್ಲಿಯೇ. ದಾನವಾಗಿ ಬಿಟ್ಟ ಸುಳ್ಳಿಯೂರು ಇದ್ದುದು ದೂರದ ಪಾನುಂಗಲ್ ವಿಷಯದಲ್ಲಿ, ಇಂದಿನ ಹಾನಗಲ್ಲಿನ ಕಡೆ. ತಗಡುಗಳು ಮಾತ್ರ ಹೇಗೋ ಸಾಗಿಬಂದು ಕೋಲಾರದ ನೆಲವನ್ನು ಸೇರಿದುವು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕು, ಅದನ್ನು ಕೆಡಿಸದೆ, ರಾಜಸಿಂಹೇಶ್ವರಾದಿ ದೇವಾಲಯಗಳಿಗೆ ಹೊನ್ನನ್ನು ಮರಳಿ ಒಪ್ಪಿಸಿದನೆಂಬ ಸಂಗತಿಯನ್ನು ಈ ಶಾಸನ ವಿಸ್ತಾರವಾಗಿ ಹೇಳುತ್ತದೆ. ಪಾಳಿಧ್ವಜವೇ ಮೊದಲಾದ ರಾಜಚಿಹ್ನೆಗಳನ್ನು ಹೇಳುತ್ತದೆ. ಆ ಕಾಲದ ಸ್ತ್ರೀಯರು ಏನನ್ನು ಉಡುತ್ತಿದ್ದರು, ತಲೆಯ ಮೇಲೆ ಏನನ್ನು ಹೊದೆಯುತ್ತಿದ್ದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಶಾಸನಗಳ ಸ್ವಭಾವವೇ ಹಾಗೆ: ಅವು ಭೂಮಿಯ ಎಲ್ಲೆಯನ್ನು ಹೇಳುತ್ತವೆ, ಸೀರೆಯ ಅಂಚನ್ನು ಹೇಳುವುದಿಲ್ಲ.

ಉತ್ತರವನ್ನು ಹುಡುಕಬೇಕಾದುದು ಅದೇ ಅರಸುಮನೆಯ ರಾಣಿಯರು ಕಟ್ಟಿಸಿದ ಕಲ್ಲಿನಲ್ಲಿ. ಕೀರ್ತಿವರ್ಮನ ತಾಯಿ ತ್ರೈಲೋಕ್ಯಮಹಾದೇವಿ, ಆಕೆಯ ಅಕ್ಕ ಲೋಕಮಹಾದೇವಿ, ಇವರಿಬ್ಬರೂ ವಿಕ್ರಮಾದಿತ್ಯನ ಪತ್ನಿಯರು, ಹೈಹಯ ಕುಲದವರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಅಕ್ಕನದು, ಮಲ್ಲಿಕಾರ್ಜುನ ದೇವಾಲಯ ತಂಗಿಯದು. ಆ ಕಂಬಗಳ ಮೇಲೆ ನಿಂತ ಸ್ತ್ರೀಯರ ತಲೆಯ ಮೇಲೆ ಸೆರಗಿಲ್ಲ. ಮುಡಿಯುಂಟು, ಮುಡಿಗೆ ಹೂವುಂಟು, ಒಡವೆಯುಂಟು. ಶಿಲ್ಪಿಯ ಸಂಪ್ರದಾಯವೇ ಬೀದಿಯ ಉಡುಗೆಯೆಂದು ನಿರ್ಣಯಿಸುವುದು ದುಡುಕಾದೀತು. ಉಕ್ಕೆ ಹೊಡೆಯುವವಳನ್ನೂ ನೀರು ಹೊರುವವಳನ್ನೂ ಶಿಲ್ಪಿ ಅಪರೂಪಕ್ಕೆ ಕೆತ್ತುತ್ತಾನೆ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ತಲೆಯನ್ನು ಮುಚ್ಚದಿರುವುದು ಕುಲಸ್ತ್ರೀಗೆ ಕುಂದೆಂಬ ಭಾವನೆ ಆ ರಾಣಿಯರ ಕಾಲದಲ್ಲಿ ನೆಲೆಗೊಂಡಿದ್ದರೆ, ಅವರು ಕಟ್ಟಿಸಿದ ದೇವಾಲಯದ ಕಂಬಗಳು ಈಗಿರುವಂತೆ ಇರುತ್ತಿರಲಿಲ್ಲ.

ಅಲ್ಲಿಂದ ಎಂಟು ನೂರು ವರ್ಷ ಮುಂದೆ ಬಂದರೆ ಚಿತ್ರ ಬೇರೆಯಾಗುತ್ತದೆ, ಅದೂ ನಿರೀಕ್ಷಿಸದ ದಿಕ್ಕಿನಿಂದ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಉತ್ಸವದಲ್ಲಿ ಅರಮನೆಯ ಸ್ತ್ರೀಯರು ಎತ್ತರವಾದ ಟೊಪ್ಪಿಗೆಗಳನ್ನು ಧರಿಸಿ, ಅವುಗಳ ಮೇಲೆ ಮುತ್ತಿನ ಹೂಗಳನ್ನು ಇಟ್ಟುಕೊಂಡಿದ್ದರೆಂದು ಬರೆದಿದ್ದಾನೆ. ಅವನು ಆ ಟೊಪ್ಪಿಗೆಗೆ ಕೊಡುವ ಹೆಸರು ನಮ್ಮ ‘ಕುಲ್ಲಾಯಿ’. ಪಾರಸಿಯ ‘ಕುಲಾಹ್’ ಎಂಬುದರಿಂದ ಬಂದ ಮಾತು ಇದು. ವಸ್ತುವೂ ಅಲ್ಲಿಂದಲೇ ಬಂದುದು. ಮುಸಲ್ಮಾನ ಆಸ್ಥಾನಗಳ ಉಡುಗೆಯು ಹಿಂದೂ ಅರಸರ ಸಭೆಯಲ್ಲಿ ಗೌರವದ ಉಡುಗೆಯಾಗಿತ್ತು. ತೆಲುಗು ಕವಿ ಶ್ರೀನಾಥನು ಪ್ರೌಢದೇವರಾಯನ ಸಭೆಗೆ ಬಂದಾಗ ಕುಲ್ಲಾಯಿಯನ್ನು ತೊಡಬೇಕಾಯಿತೆಂದು ಹಲುಬುವ ಚಾಟುಪದ್ಯವೊಂದು ಆತನ ಹೆಸರಿನಲ್ಲಿ ಪ್ರಚಲಿತವಾಗಿದೆ. ಕೋಲಾರ ಸೀಮೆಗೆ ದೂರವಲ್ಲದ ಲೇಪಾಕ್ಷಿಯ ವೀರಭದ್ರಾಲಯದ ಚಾವಣಿಯ ವರ್ಣಚಿತ್ರಗಳಲ್ಲಿ ಎತ್ತರದ ಕುಲ್ಲಾಯಿ ತೊಟ್ಟ ಪುರುಷರನ್ನೂ, ಬಗೆಬಗೆಯ ಅಂಚಿನ ಸೀರೆಯುಟ್ಟು ತುರುಬು ಕಟ್ಟಿದ ಸ್ತ್ರೀಯರನ್ನೂ ಇಂದಿಗೂ ಕಾಣಬಹುದು. ಪ್ರೌಢದೇವರಾಯನ ಕಾಲವೆಂದರೆ ವೀರಶೈವ ಸಾಹಿತ್ಯದ ಪುನರುಜ್ಜೀವನದ ಕಾಲ. ಚಾಮರಸನ ‘ಪ್ರಭುಲಿಂಗಲೀಲೆ’ ಹುಟ್ಟಿದ್ದೂ ಆ ಆಸ್ಥಾನದ ಪರಿಸರದಲ್ಲಿಯೇ. ಯಾವ ಉಡುಗೆ ಯಾವ ಮತದ್ದು ಎಂದು ಇಂದು ಗೆರೆ ಕೊಯ್ದು ಹೇಳುವವರು ಈ ಸಂಗತಿಯನ್ನು ನೆನೆಯಬೇಕು. ಶಿವಶರಣರ ಚರಿತ್ರೆಯನ್ನು ಹಾಡಿಸಿ ಕೇಳಿದ ಸಭೆಯ ತಲೆಯ ಮೇಲೆ ಪಾರಸಿಯ ಟೊಪ್ಪಿಗೆಯಿತ್ತು.

ಅರಮನೆಯಿಂದ ಹೊಲಕ್ಕೆ ಇಳಿದರೆ ತಲೆವಸ್ತ್ರದ ಚರಿತ್ರೆ ಇನ್ನೂ ಸರಳ. ಮಳೆಗೆ ಕಂಬಳಿಯ ಕೊಪ್ಪೆ, ಬಿಸಿಲಿಗೆ ಸೆರಗು, ಕೊಡಕ್ಕೆ ಸಿಂಬಿ, ಮದುವೆಮನೆಯಲ್ಲಿ ಹಿರಿಯರೆದುರು ಮತ್ತೆ ಸೆರಗು. ಬಯಲುಸೀಮೆಯ ಹೊಲಗಳಲ್ಲಿ ಕೆಲಸಕ್ಕೆ ಇಳಿಯುವ ಹೆಂಗಸರು ತಲೆಗೊಂದು ಟವಲನ್ನು ಸುತ್ತಿಕೊಳ್ಳುವರು. ಅದಕ್ಕೆ ಯಾವ ಗ್ರಂಥದ ಆಧಾರವುಂಟೆಂದು ಇದುವರೆಗೆ ಯಾರೂ ಕೇಳಿಲ್ಲ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಯ ತೋಪುತೆನೆಯ ಸೆರಗು ಸ್ವಾಮಿಗಳೆದುರಿಗೂ ಅತ್ತೆಮಾವಂದಿರೆದುರಿಗೂ ತಲೆಯ ಮೇಲೇರುತ್ತದೆ. ಹಳೆಯ ಮೈಸೂರಿನ ಕಡೆ ಅಷ್ಟು ಕಟ್ಟುನಿಟ್ಟಿಲ್ಲ. ಇಬ್ಬರೂ ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರೇ, ಇಬ್ಬರೂ ಅದೇ ಗುರುವಿಗೆ ನಮಸ್ಕರಿಸುವವರೇ. ಆದುದರಿಂದ ಇದು ದೇಶಾಚಾರವೇ ಹೊರತು ಧರ್ಮಾಚಾರವಲ್ಲ ಎಂಬುದು ಸ್ಪಷ್ಟ. ಕನ್ನಡದಲ್ಲಿ ಸೆರಗೆಂಬ ಮಾತಿಗೆ ಮುಚ್ಚುವ ಅರ್ಥಕ್ಕಿಂತ ಹೆಚ್ಚಾಗಿ ಅಂಗಲಾಚುವ ಅರ್ಥವೂ ಆಸರೆಯ ಅರ್ಥವೂ ಹತ್ತಿಕೊಂಡಿವೆ: ಬೇಡುವವಳು ಸೆರಗೊಡ್ಡುತ್ತಾಳೆ, ಅಂಜಿದ ಮಗು ಸೆರಗು ಹಿಡಿಯುತ್ತದೆ.

ಹೊದೆಯುವುದು ಸ್ತ್ರೀಯ ಇಚ್ಛೆಯಾಗಿದ್ದಾಗ ಚರಿತ್ರೆಯಲ್ಲಿ ಅದರ ಗದ್ದಲವಿಲ್ಲ. ಗದ್ದಲವಿರುವುದು ಅದು ಆಜ್ಞೆಯಾದಲ್ಲಿ. ಕನ್ನಡನಾಡಿನಲ್ಲಿ ಅಂಥ ಆಜ್ಞೆಯ ಅತ್ಯಂತ ಕ್ರೂರವಾದ ರೂಪ ಬ್ರಾಹ್ಮಣ ವಿಧವೆಯ ಕೇಶಮುಂಡನ. ಗಂಡ ಸತ್ತವಳು ಹತ್ತು ವರ್ಷದ ಹುಡುಗಿಯಾದರೂ, ಮೈನೆರೆದ ಮೇಲೆ ಅವಳ ತಲೆ ಕ್ಷೌರಿಕನ ಕತ್ತಿಗೆ ಒಪ್ಪಿಸಲ್ಪಡುತ್ತಿತ್ತು. ಬೋಳಾದ ತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಸಾಯುವವರೆಗೆ ಎಳೆದುಕೊಂಡಿರಬೇಕು. ಅಲ್ಲಿ ಸೆರಗು ಮಾನವನ್ನು ಮುಚ್ಚುವ ವಸ್ತ್ರವಲ್ಲ, ಮಾಡಿದ ಗಾಯವನ್ನು ಮುಚ್ಚುವ ಬಟ್ಟೆ. 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ್ದು ಬಾಲವಿಧವೆಯೊಬ್ಬಳ ವಿದ್ಯಾಭ್ಯಾಸ ಮತ್ತು ಪುನರ್ವಿವಾಹವನ್ನು ವಸ್ತುವಾಗಿಸಿಕೊಂಡು ಎಂಬುದು ಅರ್ಥಪೂರ್ಣ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ತನ್ನ ಬಾಳನ್ನೆಲ್ಲ ಸೆರಗಿನ ಮರೆಯಲ್ಲಿ ಸವೆಸಿದ ಫಣಿಯಮ್ಮ, ಕ್ಷೌರಿಕನಿಗೆ ತಲೆಯೊಡ್ಡಲು ನಿರಾಕರಿಸಿದ ಮತ್ತೊಬ್ಬ ತರುಣ ವಿಧವೆಯ ಪರವಾಗಿ ನಿಲ್ಲುವ ಭಾಗವನ್ನು ಓದಿದವರು ಮರೆಯಲಾರರು. ತಾನು ಅನುಭವಿಸಿದ್ದನ್ನು ಮುಂದಿನವಳೂ ಅನುಭವಿಸಲಿ ಎನ್ನುವವರೇ ಹೆಚ್ಚಾಗಿರುವ ಲೋಕದಲ್ಲಿ ಆ ಮುದುಕಿಯ ನಿಲುವು ದೊಡ್ಡದು.

ವೀರಶೈವ ಸಮಾಜದಲ್ಲಿ ಮುಂಡನದ ಪದ್ಧತಿಗೆ ಎಡೆಯಿರಲಿಲ್ಲ. ವಿಧವೆಯ ಮರುಮದುವೆಗೆ ಅನೇಕ ಪಂಗಡಗಳಲ್ಲಿ ಸಮ್ಮತಿಯಿತ್ತು. ಆ ಮರುಮದುವೆಯ ಹೆಸರು ‘ಉಡಿಕೆ’, ‘ಸೀರುಡಿಕೆ’. ಹೊಸ ಸೀರೆಯನ್ನು ಉಡಿಸುವುದೇ ಮದುವೆ. ಒಂದು ಕಡೆ ಸೀರೆಯೇ ವೈಧವ್ಯದ ಸೆರೆ, ಇನ್ನೊಂದು ಕಡೆ ಸೀರೆಯೇ ಅದರಿಂದ ಬಿಡುಗಡೆ. ಇದನ್ನು ಹೇಳುವಾಗ ಹೆಮ್ಮೆಯಷ್ಟೇ ಸತ್ಯವೂ ಬೇಕು. ಎಲ್ಲ ಪಂಗಡಗಳೂ ಉಡಿಕೆಯನ್ನು ಒಪ್ಪಲಿಲ್ಲ. ಒಪ್ಪಿದವರಲ್ಲಿಯೂ ಉಡಿಕೆಯಾದವಳನ್ನು ಮೊದಲ ಮದುವೆಯ ಮುತ್ತೈದೆಯ ಸಾಲಿನಲ್ಲಿ ಕೂರಿಸದ ಮನೆಗಳು ಬಹಳವಿದ್ದುವು. ಬಸವಾದಿ ಪ್ರಮಥರ ಹೆಸರು ಹೇಳುವ ಮನೆಯಲ್ಲಿಯೇ ಅರಿಸಿನ-ಕುಂಕುಮದ ತಟ್ಟೆ ಅವಳನ್ನು ದಾಟಿಕೊಂಡು ಹೋಗುತ್ತಿತ್ತು.

ಮುಚ್ಚಲೇಬೇಕೆಂಬ ಆಜ್ಞೆಗೆ ಪ್ರತಿಯಾಗಿ ಮುಚ್ಚಲೇಕೂಡದೆಂಬ ಆಜ್ಞೆಯೂ ದಕ್ಷಿಣ ಭಾರತದಲ್ಲಿಯೇ ಇತ್ತು. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಮೊದಲಾದ ಜಾತಿಗಳ ಸ್ತ್ರೀಯರು ಎದೆಯ ಮೇಲೆ ವಸ್ತ್ರ ಹೊದೆಯುವುದು ಮೇಲುಜಾತಿಯವರಿಗೆ ಅಪರಾಧವಾಗಿ ತೋರುತ್ತಿತ್ತು. ಮೇಲುದಿಗಾಗಿ ಆ ತಾಯಂದಿರು ಹತ್ತಾರು ವರ್ಷ ಹೋರಾಡಿದರು, ಹೊಡೆತ ತಿಂದರು, ಬೀದಿಯಲ್ಲಿ ಮೈಮೇಲಿನ ಬಟ್ಟೆಯನ್ನು ಹರಿಸಿಕೊಂಡರು. 1859ರ ಜುಲೈನಲ್ಲಿ ಮಹಾರಾಜರ ಘೋಷಣೆ ಹೊರಟಿತು. ಅದರಲ್ಲಿಯೂ ಮೇಲುಜಾತಿಯ ಸ್ತ್ರೀಯರ ರೀತಿಯಲ್ಲಿ ಹೊದೆಯಬಾರದೆಂಬ ನಿಬಂಧನೆ ಉಳಿಯಿತು. ಬಟ್ಟೆಯನ್ನು ಹೊದಿಸಿದವರೂ ಕಿತ್ತವರೂ ಹೇಳಿದ ಕಾರಣ ಒಂದೇ: ಮರ್ಯಾದೆ. ಯಾರ ಮರ್ಯಾದೆ ಎಂಬುದನ್ನು ಮಾತ್ರ ಇಬ್ಬರೂ ಆ ಹೆಣ್ಣಿನಲ್ಲಿ ವಿಚಾರಿಸಲಿಲ್ಲ.

ಈ ಹಿನ್ನೆಲೆಯಲ್ಲಿ ಅಕ್ಕಮಹಾದೇವಿಯ ಪ್ರಸಂಗವನ್ನು ನೋಡಿದಾಗ, ಭಕ್ತಿಯ ಕಥೆಯೆಂದು ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಅದು ಹೊಸತಾಗಿ ಕೇಳಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿಯ ಮೇಲೆ ಅರಸು ಕೌಶಿಕನ ಕಣ್ಣು ಬಿತ್ತು. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಮದುವೆಯಾಗುತ್ತದೆ. ಆಕೆ ಇಟ್ಟ ನಿಬಂಧನೆಗಳನ್ನು ಮೂರು ಸಲ ಮೀರಿದ ಮೇಲೆ ಅರಮನೆಯನ್ನು ತೊರೆದು ಹೊರಡುತ್ತಾಳೆ. ಚಾಮರಸನು ಮದುವೆಯನ್ನೇ ಒಪ್ಪುವುದಿಲ್ಲ. ಈ ಎರಡು ಪಾಠಗಳಲ್ಲಿ ಯಾವುದು ಸತ್ಯವೆಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ; ಪ್ರಕೃತ ವಿಷಯಕ್ಕೆ ಅದು ಬೇಡ. ಬೇಕಾದುದು ಇಷ್ಟು. ಅರಸು ಕೊಟ್ಟ ವಸ್ತ್ರವನ್ನು ಆಕೆ ಅರಸನಿಗೇ ಬಿಟ್ಟು, ತನ್ನ ನೀಳವಾದ ಕೇಶರಾಶಿಯನ್ನೇ ಹೊದೆದು ನಡೆದಳು. ‘ಕೇಶಾಂಬರೆ’ ಎಂಬ ಹೆಸರು ಆಕೆಗೆ ಬಂದುದು ಇದರಿಂದ.

ಕಲ್ಯಾಣಕ್ಕೆ ಆಕೆ ಬಂದಾಗ ನಡೆದುದನ್ನು ‘ಶೂನ್ಯಸಂಪಾದನೆ’ ವಿವರಿಸುತ್ತದೆ. ಈ ಗ್ರಂಥ ಶಿವಗಣಪ್ರಸಾದಿ ಮಹದೇವಯ್ಯನಿಂದ ಮೊದಲ್ಗೊಂಡು ಗೂಳೂರ ಸಿದ್ಧವೀರಣಾರ್ಯನವರೆಗೆ ನಾಲ್ವರ ಕೈಯಲ್ಲಿ, ಹದಿನೈದನೆಯ ಶತಮಾನದಿಂದ ಹದಿನಾರರ ಆರಂಭದವರೆಗೆ ಬೆಳೆದುಬಂತು. ಎಂದರೆ ಅಕ್ಕ ಬದುಕಿದ್ದ ಮುನ್ನೂರು ವರ್ಷಗಳ ನಂತರದ ರಚನೆ. ವಚನಗಳನ್ನು ಸಂವಾದವಾಗಿ ಜೋಡಿಸಿದವರು ಸಂಪಾದಕರು. ಹಾಗೆಂದೇ ಇದನ್ನು ಹನ್ನೆರಡನೆಯ ಶತಮಾನದ ಸಭೆಯ ನಡಾವಳಿಯೆಂದು ಓದಬಾರದು. ಆದರೆ ಸ್ತ್ರೀಯೊಬ್ಬಳ ಉಡುಗೆಯ ಪ್ರಶ್ನೆ ಎದುರಾದಾಗ ಶರಣರ ಸಭೆ ಹೇಗೆ ನಡೆದುಕೊಳ್ಳಬೇಕೆಂದು ವೀರಶೈವ ಪರಂಪರೆ ಭಾವಿಸಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇರೆ ಬೇಕಿಲ್ಲ.

ಗೂಳೂರ ಸಿದ್ಧವೀರಣಾರ್ಯನ ಸಂಪಾದನೆಯಲ್ಲಿ ಮೊದಲು ಎದುರಾಗುವವನು ಕಿನ್ನರಿ ಬೊಮ್ಮಯ್ಯ. ಅವನ ಪರೀಕ್ಷೆ ಒರಟಾದುದು. ಆ ಭಾಗವನ್ನು ಇಂದು ಓದುವಾಗ ಮನಸ್ಸಿಗೆ ಕಸಿವಿಸಿಯಾಗದಿರದು. ಅಕ್ಕ ಅವನನ್ನು ಗೆದ್ದು ಮಹಾಮನೆಗೆ ಬರುತ್ತಾಳೆ. ಅಲ್ಲಿ ಅಲ್ಲಮಪ್ರಭು ಪ್ರಶ್ನೆಗಳನ್ನು ಕೇಳುತ್ತಾನೆ. ಉಕ್ಕುವ ಯೌವನದ ಸತಿ ನೀನು, ನಿನ್ನ ಪತಿಯ ಕುರುಹು ಯಾವುದು ಎಂಬುದು ಒಂದು. ಅದಕ್ಕೆ ಚೆನ್ನಮಲ್ಲಿಕಾರ್ಜುನನೇ ಗಂಡನೆಂಬ ಉತ್ತರ ಬರುತ್ತದೆ. ಅಲ್ಲಿಗೆ ಪ್ರಭು ಬಿಡುವುದಿಲ್ಲ. ಭಾವ ಶುದ್ಧವಾಗಿದ್ದರೆ, ಸೀರೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆ? ಅಂತರಂಗದ ನಾಚಿಕೆ ಹೋಗಿಲ್ಲವೆಂಬುದಕ್ಕೆ ಇದೇ ಸಾಕ್ಷಿಯಲ್ಲವೆ?

ತರ್ಕದ ದೃಷ್ಟಿಯಿಂದ ಇದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಉಟ್ಟರೆ ಲೋಕದವಳು, ಬಿಟ್ಟರೆ ನಾಚಿಕೆಗೆಟ್ಟವಳು, ಬಿಟ್ಟೂ ಮುಚ್ಚಿಕೊಂಡರೆ ಕಪಟಿ. ಹೆಣ್ಣಿನ ಉಡುಗೆಯನ್ನು ಕುರಿತ ಎಲ್ಲ ವಾದಗಳೂ ಕೊನೆಗೆ ಇದೇ ಮೂರು ಗೋಡೆಗಳ ನಡುವೆ ಅವಳನ್ನು ನಿಲ್ಲಿಸುತ್ತವೆ. ಅಕ್ಕನ ಉತ್ತರ ನಾಲ್ಕನೆಯ ದಿಕ್ಕಿನಿಂದ ಬಂದುದು. ಹಣ್ಣು ಒಳಗೆ ಮಾಗುವ ತನಕ ಹೊರಗಣ ಸಿಪ್ಪೆ ತನ್ನ ಅಂದವನ್ನು ಬಿಟ್ಟುಕೊಡುವುದಿಲ್ಲವೆಂಬ ದೃಷ್ಟಾಂತವನ್ನು ಆಕೆ ಮುಂದಿಡುತ್ತಾಳೆ. ಜೊತೆಗೆ, ತನ್ನ ಮೈಯ ಕುರುಹುಗಳನ್ನು ಕಂಡು ನೋಡುವವರಿಗೆ ನೋವಾಗಬಾರದೆಂಬ ಕರುಣೆಯಿಂದ ಮುಚ್ಚಿಕೊಂಡೆನೆಂದು ಹೇಳುತ್ತಾಳೆ. ಹೊದಿಕೆ ತನ್ನ ನಾಚಿಕೆಯ ಗುರುತಲ್ಲ, ನೋಡುವವರ ದೌರ್ಬಲ್ಯಕ್ಕೆ ತೋರಿದ ದಾಕ್ಷಿಣ್ಯ. ಮಾತು ಎಷ್ಟು ವಿನಯದ್ದೋ ಅಷ್ಟೇ ಹರಿತವಾದುದು. ಸಭೆಯಲ್ಲಿ ಕುಳಿತವರೆಲ್ಲರ ಕಣ್ಣನ್ನೂ ಅದು ಮುಟ್ಟಿರಬೇಕು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಪ್ರಭುವು ಕೇಳಿದ್ದು ‘ಏಕೆ’ ಎಂದು. ಆಗಮದಲ್ಲಿ ಹಾಗೆ ಹೇಳಿದೆಯೇ, ಹಿಂದಿನ ಪುರಾತನರು ಹಾಗೆ ನಡೆದರೇ ಎಂದು ಆತ ಕೇಳಲಿಲ್ಲ. ಪ್ರಶ್ನೆ ಕಠೋರವಾಗಿತ್ತು, ಆದರೆ ಅದನ್ನು ಆಕೆಗೇ ಕೇಳಲಾಯಿತು. ಎರಡನೆಯದು, ಉತ್ತರ ಬಂದ ಮೇಲೆ ಸಭೆ ಯಾವ ವಿಧಿಯನ್ನೂ ಹೊರಡಿಸಲಿಲ್ಲ. ಇನ್ನು ಮುಂದೆ ಶರಣೆಯರು ಸೀರೆಯನ್ನು ಬಿಡಬೇಕೆಂದಾಗಲಿ, ಅಕ್ಕ ಇನ್ನು ಸೀರೆಯನ್ನು ಉಡಬೇಕೆಂದಾಗಲಿ ಯಾರೂ ಹೇಳಲಿಲ್ಲ. ನೀಲಮ್ಮ, ನಾಗಲಾಂಬಿಕೆ ಮೊದಲಾದವರು ಗೃಹಿಣಿಯರ ಉಡುಗೆಯಲ್ಲಿಯೇ ಇದ್ದರು, ಅಕ್ಕ ಕೇಶಾಂಬರೆಯಾಗಿಯೇ ಇದ್ದಳು. ಬಸವಣ್ಣ, ಚೆನ್ನಬಸವಣ್ಣಾದಿಗಳು ಆಕೆಯ ಹಿರಿತನವನ್ನು ಕೊಂಡಾಡಿದರು. ಒಂದೇ ಸಭೆಯಲ್ಲಿ ಎರಡೂ ಬಗೆಯವರಿಗೆ ಸ್ಥಳವಿತ್ತು.

ಶರಣೆ ಸತ್ಯಕ್ಕನು ಇದೇ ವಿಚಾರವನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತಾಳೆ. ಹೆಣ್ಣಿನ ಮುಡಿಯನ್ನೂ ಗಂಡಿನ ಕಾಸೆ-ಕಠಾರಿಗಳನ್ನೂ ಒಟ್ಟಿಗೆ ತಂದು, ಇವೆಲ್ಲ ಲೋಕದವರು ಇಟ್ಟುಕೊಂಡ ಅಳತೆಗಳು, ಬಲ್ಲವರಿಗೆ ಇವು ಪ್ರಮಾಣವಲ್ಲವೆಂದು ಆಕೆಯ ವಚನವೊಂದು ಸಾರುತ್ತದೆ. ಉಡುಗೆಯನ್ನು ದೇಹದ ಚಿಹ್ನೆಯ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ತಳ್ಳಿಹಾಕಿದ ಈ ಧೈರ್ಯ ಆ ಕಾಲದ ಅನ್ಯ ಸಾಹಿತ್ಯಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಹಾಗೆಯೇ, ವೀರಶೈವರ ಆಚರಣೆಗೆ ಅಡಿಪಾಯವಾದ ಅಷ್ಟಾವರಣಗಳನ್ನು ಒಮ್ಮೆ ಎಣಿಸಿ ನೋಡಬಹುದು: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಆವರಣವೆಂದರೆ ಹೊದಿಕೆಯೇ. ಭಕ್ತನನ್ನು ಸುತ್ತ ಕಾಯುವ ಎಂಟು ಹೊದಿಕೆಗಳನ್ನು ಹೇಳಿದವರು ಅವುಗಳಲ್ಲಿ ಒಂದನ್ನೂ ನೂಲಿನಿಂದ ನೇಯಲಿಲ್ಲ. ಪೂಜೆಯ ಕಾಲದಲ್ಲಿ ಸೆರಗು ಹೊದೆಯುವ ತಾಯಂದಿರ ಭಕ್ತಿಗೆ ಇದರಿಂದ ಯಾವ ಕೊರತೆಯೂ ಇಲ್ಲ; ಅದು ಅವರಾಗಿ ಸಲ್ಲಿಸುವ ಗೌರವ.

ಇದೇ ಕನ್ನಡನಾಡಿನಲ್ಲಿ 2022ನೆಯ ಇಸವಿಯ ಆರಂಭದಲ್ಲಿ ಸ್ತ್ರೀಯ ತಲೆವಸ್ತ್ರವು ನ್ಯಾಯಾಲಯದ ವಿಷಯವಾಯಿತು. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಕೆಲವು ಮುಸ್ಲಿಂ ವಿದ್ಯಾರ್ಥಿನಿಯರಿಗೆ ತರಗತಿಯ ಪ್ರವೇಶ ದೊರೆಯಲಿಲ್ಲ. ವಿವಾದ ಬೇರೆ ಊರುಗಳಿಗೆ ಹಬ್ಬಿತು. ಹಿಜಾಬಿಗೆ ಪ್ರತಿಯಾಗಿ ಕೇಸರಿ ಶಾಲು ಹೊದೆದ ಹುಡುಗರು ಕಾಲೇಜಿನ ಅಂಗಳಗಳಲ್ಲಿ ಕಾಣಿಸಿಕೊಂಡರು. ಫೆಬ್ರವರಿ 5ರಂದು ಸರಕಾರವು ಸಮವಸ್ತ್ರವನ್ನು ಕುರಿತ ಆದೇಶವನ್ನು ಹೊರಡಿಸಿತು. ಫೆಬ್ರವರಿ 10ರಂದು ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು, ವಿಚಾರಣೆ ಮುಗಿಯುವವರೆಗೆ ತರಗತಿಯಲ್ಲಿ ಶಾಲು, ಹಿಜಾಬ್ ಯಾವುದೂ ಬೇಡವೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. ಮಾರ್ಚ್ 15ರಂದು ತೀರ್ಪು ಬಂತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ, ಸಮವಸ್ತ್ರದ ನಿಯಮ ಯುಕ್ತವಾದ ನಿರ್ಬಂಧ, ಸರಕಾರದ ಆದೇಶ ಊರ್ಜಿತ.

‘ಅತ್ಯಗತ್ಯ ಆಚರಣೆ’ ಎಂಬ ಈ ಅಳತೆಗೋಲು ಎಲ್ಲಿಂದ ಬಂತೆಂಬುದು ಮಠಗಳ ಚರಿತ್ರೆಯನ್ನು ಬಲ್ಲವರಿಗೆ ಸ್ವಾರಸ್ಯದ ಸಂಗತಿ. ಮದರಾಸು ಸರಕಾರದ ಧರ್ಮಾದಾಯ ಇಲಾಖೆಗೂ ಉಡುಪಿಯ ಶಿರೂರು ಮಠಕ್ಕೂ ನಡೆದ ವ್ಯಾಜ್ಯದಲ್ಲಿ, 1954ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಒಂದು ಮತಕ್ಕೆ ಯಾವುದು ಅತ್ಯಗತ್ಯವೆಂಬುದನ್ನು ಆ ಮತದ ಸಿದ್ಧಾಂತಗಳ ಆಧಾರದಿಂದಲೇ ತಿಳಿಯಬೇಕೆಂದು ಹೇಳಿತು. ಸರಕಾರದ ಕೈಯಿಂದ ಮಠವನ್ನು ಕಾಪಾಡಲು ಹುಟ್ಟಿದ ಮಾತು ಅದು. ಮುಂದಿನ ತೀರ್ಪುಗಳಲ್ಲಿ ಅದೇ ಮಾತು ಶಾಸ್ತ್ರವನ್ನು ತೆರೆದು ಆಚರಣೆಗಳನ್ನು ತೂಗುವ ತಕ್ಕಡಿಯಾಯಿತು. ಅರುವತ್ತೆಂಟು ವರ್ಷಗಳ ತರುವಾಯ, ಅದೇ ಉಡುಪಿಯ ಹುಡುಗಿಯರನ್ನು ಆ ತಕ್ಕಡಿಯಲ್ಲಿ ಇಡಲಾಯಿತು.

ಇಲ್ಲಿಯೇ ಕಲ್ಯಾಣದ ಪ್ರಶ್ನೆಗೂ ಬೆಂಗಳೂರಿನ ಪ್ರಶ್ನೆಗೂ ಇರುವ ಅಂತರ ಕಾಣುತ್ತದೆ. ನ್ಯಾಯಾಲಯ ಕೇಳಿದ್ದು ಗ್ರಂಥವನ್ನು: ಇದು ಕಡ್ಡಾಯವೇ? ಅರ್ಜಿದಾರರ ವಕೀಲರೂ ಬಹುಪಾಲು ಅದೇ ಹಾದಿಯಲ್ಲಿ, ಕಡ್ಡಾಯವೇ ಹೌದೆಂದು ಸಾಧಿಸಲು ಶ್ರಮಿಸಿದರು. ಕಡ್ಡಾಯವಾದರೆ ಮಾತ್ರ ರಕ್ಷಣೆ ಎಂದಾಗ, ಸ್ವಂತ ಇಚ್ಛೆಯಿಂದ ಹೊದೆದವಳಿಗೆ ರಕ್ಷಣೆ ಎಲ್ಲಿದೆ? ತನಗೆ ಬೇಕೆಂದು ಹೊದೆದೆನೆಂಬ ಹುಡುಗಿಯೂ ತನ್ನ ಮೇಲೆ ಬಲವಂತವಿದೆಯೆಂದು ರುಜುವಾತುಪಡಿಸಬೇಕಾಗುತ್ತದೆ. ಅಕ್ಕನನ್ನು ಈ ಅಳತೆಯಿಂದ ಅಳೆದಿದ್ದರೆ ಆಕೆ ಖಂಡಿತವಾಗಿ ಸೋಲುತ್ತಿದ್ದಳು. ಕೇಶಾಂಬರವನ್ನು ಕಡ್ಡಾಯವೆಂದು ಹೇಳುವ ಆಗಮ ಯಾವುದೂ ಇಲ್ಲ. ಹಿರಿಯ ವಕೀಲ ರವಿವರ್ಮಕುಮಾರ್ ಅವರು ಉಚ್ಚ ನ್ಯಾಯಾಲಯದಲ್ಲಿ ಎತ್ತಿದ ಮಾತೊಂದು ಈ ದೃಷ್ಟಿಯಿಂದ ವಿಚಾರಾರ್ಹ. ಬಳೆ, ಬಿಂದಿ, ಪೇಟ, ಶಿಲುಬೆ ಇವೆಲ್ಲವೂ ಇರುವಾಗ ಹಿಜಾಬನ್ನು ಮಾತ್ರ ಆರಿಸಿದ್ದೇಕೆಂದು ಅವರು ಕೇಳಿದರು. ಅಂಗಿಯೊಳಗೆ ಕರಡಿಗೆಯನ್ನು ಧರಿಸಿ, ಹಣೆಗೆ ವಿಭೂತಿಯಿಟ್ಟು ಶಾಲೆಗೆ ಬರುವ ಮಕ್ಕಳನ್ನು ಕಂಡ ಸಮಾಜಕ್ಕೆ ಆ ಪ್ರಶ್ನೆ ದೂರದ್ದಾಗಿ ತೋರಬೇಕಾಗಿಲ್ಲ.

ಸಮವಸ್ತ್ರದ ಪರವಾದ ವಾದವೂ ಹುರುಳಿಲ್ಲದ್ದಲ್ಲ. ಬಡವ ಬಲ್ಲಿದ, ಮೇಲು ಕೀಳು ಎಂಬ ಭೇದವು ಬೆಂಚಿನ ಮೇಲೆ ಕಾಣದಿರಲೆಂದು ಬಂದ ಪದ್ಧತಿ ಅದು. ಹಳ್ಳಿಯ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಪಾಲಿಗೆ ಹರಿಯದ ಅಂಗಿಯೆಂದರೆ ಸಮವಸ್ತ್ರವೊಂದೇ. ಮನೆಯ ಹಿರಿಯರ ಅಂಜಿಕೆಯಿಂದ ತಲೆಯನ್ನು ಮುಚ್ಚುವ ಹುಡುಗಿಯರೂ ಇದ್ದಾರೆಂಬುದು ಸುಳ್ಳಲ್ಲ. ಅಂಥವಳಿಗೆ ತರಗತಿಯೊಂದೇ ಬಿಡುಗಡೆಯ ಜಾಗವಾದೀತೆಂದು ವಾದಿಸುವವರಿದ್ದಾರೆ. ಆದರೆ ಬಾಗಿಲಿನಲ್ಲಿಯೇ ತಡೆದು ಮನೆಗೆ ಕಳಿಸಿದರೆ, ಬಲವಂತಕ್ಕೊಳಗಾದವಳು ಬಲವಂತವಿರುವ ಮನೆಗೇ ಮರಳುತ್ತಾಳೆ. ಅವಳಿಗೆ ಪುಸ್ತಕವೂ ತಪ್ಪುತ್ತದೆ. ತರಗತಿಯ ಒಳಗಿದ್ದವಳನ್ನು ಮಾತ್ರ ‘ಏಕೆ’ ಎಂದು ಕೇಳಲು ಸಾಧ್ಯ.

ಮೇಲ್ಮನವಿಯ ವಿಚಾರಣೆ 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯಿತು. ಅದೇ ದಿನಗಳಲ್ಲಿ, ಸೆಪ್ಟೆಂಬರ್ 16ರಂದು, ಇರಾನಿನ ರಾಜಧಾನಿಯಲ್ಲಿ ಮಹಸಾ ಅಮೀನಿ ಎಂಬ ಇಪ್ಪತ್ತೆರಡರ ತರುಣಿ ಮರಣ ಹೊಂದಿದಳು. ತಲೆವಸ್ತ್ರವನ್ನು ಸರಿಯಾಗಿ ಧರಿಸಲಿಲ್ಲವೆಂದು ಆಕೆಯನ್ನು ಅಲ್ಲಿಯ ಪೋಲೀಸರು ಹಿಡಿದೊಯ್ದಿದ್ದರು. ಆ ದೇಶದ ಚರಿತ್ರೆ ವಿಚಿತ್ರವಾದುದು. 1936ರಲ್ಲಿ ರೆಜಾ ಷಾ ಮುಸುಕನ್ನು ನಿಷೇಧಿಸಿದಾಗ ಪೋಲೀಸರು ಬೀದಿಯಲ್ಲಿ ಹೆಂಗಸರ ಮುಸುಕನ್ನು ಎಳೆದು ತೆಗೆಯುತ್ತಿದ್ದರು. ಅನೇಕ ತಾಯಂದಿರು ಹೊರಗೆ ಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ಬಳಿಕ ಅದೇ ಮುಸುಕು ಕಡ್ಡಾಯವಾಯಿತು, 1983ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂತು. ಹುಡುಗಿಯಾಗಿದ್ದಾಗ ಮುಸುಕನ್ನು ಕಳೆದುಕೊಂ‌ಡವಳು ಮುದುಕಿಯಾದಾಗ ಅದನ್ನೇ ಹೊದೆಯಬೇಕಾಯಿತು. ಎರಡು ಸಲವೂ ಬಂದವನು ಪೋಲೀಸನೇ.

ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪುಗಳನ್ನಿತ್ತರು. ನ್ಯಾಯಮೂರ್ತಿ ಹೇಮಂತ ಗುಪ್ತ ಅವರು ಉಚ್ಚ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಅತ್ಯಗತ್ಯ ಆಚರಣೆಯ ವಿಚಾರವೇ ಈ ವ್ಯಾಜ್ಯಕ್ಕೆ ಬೇಕಿರಲಿಲ್ಲವೆಂದೂ, ಕಡೆಗೆ ಇದು ಆ ವಿದ್ಯಾರ್ಥಿನಿಯರ ಆಯ್ಕೆಯ ಪ್ರಶ್ನೆಯೆಂದೂ, ತಮ್ಮ ಮನಸ್ಸಿನಲ್ಲಿ ಮೊದಲಿದ್ದುದು ಹೆಣ್ಣುಮಗುವಿನ ವಿದ್ಯಾಭ್ಯಾಸವೆಂದೂ ಹೇಳಿ ಸರಕಾರದ ಆದೇಶವನ್ನು ರದ್ದುಗೊಳಿಸಿದರು. ಮತಭೇದವುಂಟಾದ ಕಾರಣ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಲಾಯಿತು. ಶಾಸ್ತ್ರದ ತಕ್ಕಡಿಯನ್ನು ಬದಿಗಿಟ್ಟು ಹುಡುಗಿಯ ಕಡೆಗೆ ತಿರುಗಿ ನೋಡಿದ ಆ ಎರಡನೆಯ ತೀರ್ಪು, ಬರೆದವರಿಗೆ ತಿಳಿದೋ ತಿಳಿಯದೆಯೋ, ಶೂನ್ಯಸಂಪಾದನೆಯ ಸಭೆಗೆ ಹೆಚ್ಚು ಹತ್ತಿರವಾಗಿದೆ.

ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯಕ್ಕೆ ಬಳಿಕ ಅಕ್ಕಮಹಾದೇವಿಯ ಹೆಸರನ್ನಿಡಲಾಯಿತು. ಹೆಸರಿಗೆ ದೊರೆತ ಗೌರವ ರೂಪಕ್ಕೆ ಅಷ್ಟಾಗಿ ದೊರೆಯಲಿಲ್ಲ. ಅಕ್ಕನ ಪಟಗಳಲ್ಲಿ, ಜಯಂತಿಯ ನಾಟಕಗಳಲ್ಲಿ ಆಕೆಗೆ ಬಿಳಿಯ ಸೀರೆಯನ್ನು ಉಡಿಸುವುದು ಬಹುಕಾಲದ ವಾಡಿಕೆ. ಭಕ್ತರ ಮನಸ್ಸಿಗೆ ನೋವಾಗಬಾರದೆಂಬ ಸಂಕೋಚ ಅದರ ಹಿಂದಿದೆ. ಆದರೂ ಉಡುತಡಿಯ ಅರಮನೆಯಲ್ಲಿ ಬಿಟ್ಟುಬಂದ ಸೀರೆಯನ್ನೇ, ಎಂಟು ಶತಮಾನಗಳ ಆಮೇಲೆ, ಆಕೆಯನ್ನು ಕೇಳದೆ ಮತ್ತೆ ಹೊದಿಸಿದವರು ಆಕೆಯ ಭಕ್ತರೇ.